ಸೋಲೋ ಟೀಮ್ ನೋಡೋಕೆ ಫ್ಲೈಟ್ ಹತ್ತಬೇಕಾ?

ಫೈನಲ್ ಇಯರ್ ಬಂತು ಅಂದ್ರೆ ಪ್ರತಿ ಗ್ಯಾಂಗ್‌ನಲ್ಲೂ ಒಂದು ವಾಟ್ಸಾಪ್ ಗ್ರೂಪ್ ಹುಟ್ಟುತ್ತೆ. ಹೆಸರು 'ಥಾಯ್ಲೆಂಡ್', ಇಲ್ಲಾಂದ್ರೆ 'ವಿಯೆಟ್ನಾಂ'. ಮುಕ್ಕಾಲು ಗ್ರೂಪು ಗೋಕರ್ಣದಲ್ಲೇ ಮುಗಿಯುತ್ತವೆ, ಅದು ಬೇರೆ ಮಾತು. ನಿಜವಾಗ್ಲೂ ದುಡ್ಡು ಕೂಡಿಸಿ ಹೊರಡೋರಿಗೆ ನನ್ನದೊಂದು ಸಲಹೆ. ದೇಶ ಮೊದಲು ಆರಿಸಬೇಡಿ. ಭಾರತದ ಫುಟ್‌ಬಾಲ್ ತಂಡ ಹೊರಗೆ ಎಲ್ಲಿ, ಯಾವತ್ತು ಆಡ್ತಿದೆ ನೋಡಿ, ಅಲ್ಲಿಗೆ ಟಿಕೆಟ್ ಮಾಡ್ಸಿ.

ಹಾಸ್ಟೆಲ್‌ನಲ್ಲಿ ಇದನ್ನ ಹೇಳಿದಾಗ ನಕ್ಕರು. ನಗೋಕೆ ಕಾರಣಾನೂ ಇದೆ. 2023ರಲ್ಲಿ ಫಿಫಾ ರ‍್ಯಾಂಕಿಂಗ್‌ನಲ್ಲಿ ನೂರರೊಳಗೆ ಬಂದಿದ್ದ ತಂಡ 2025ರ ಕೊನೆಗೆ 140ರ ಆಚೆ ಬಿತ್ತು. 2024ರ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರಕ್ಕೂ ಸೋತೆವು, ಒಂದೇ ಒಂದು ಗೋಲ್ ಇಲ್ಲ. 2027ರ ಏಷ್ಯನ್ ಕಪ್‌ಗಂತೂ ಅರ್ಹತೇನೇ ಸಿಗಲಿಲ್ಲ. ಇಂಥಾ ತಂಡ ನೋಡೋಕೆ ಅಪ್ಪನ ದುಡ್ಡಲ್ಲಿ ಫ್ಲೈಟಾ? ಅದರ ಬದಲು ಅರ್ಜೆಂಟೀನಾ ಜೆರ್ಸಿ ಹಾಕ್ಕೊಂಡು ಮೆಸ್‌ನಲ್ಲಿ ಕೂತು ಮೆಸ್ಸಿ ನೋಡಬಹುದಲ್ಲ ಅಂತಾರೆ.

ಮೆಸ್ಸಿ ವಿಷಯ ಬಂತಲ್ಲ, ಅದನ್ನೇ ತಗೊಳ್ಳೋಣ. 2025ರ ಡಿಸೆಂಬರ್ 13ರಂದು ಮೆಸ್ಸಿ ಕೋಲ್ಕತ್ತಾಗೆ ಬಂದಿದ್ದ. ಪಂದ್ಯ ಆಡೋಕಲ್ಲ, ಮುಖ ತೋರಿಸೋಕೆ. ಸಾವಿರಾರು ರೂಪಾಯಿ ಕೊಟ್ಟು ಬಂದ ಜನಕ್ಕೆ ಕಂಡಿದ್ದು ಅವನ ಸುತ್ತ ಮುತ್ತಿಕೊಂಡಿದ್ದ ಗಣ್ಯರ ಬೆನ್ನು. ಸ್ವಲ್ಪ ಹೊತ್ತಿಗೇ ಅವನು ಹೊರಟೂ ಹೋದ. ಆಮೇಲೆ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಕುರ್ಚಿ, ಬಾಟಲಿ ಹಾರಿದ್ದನ್ನ ಎಲ್ಲರೂ ನೋಡಿದ್ದೀರಿ. ಅಂದ್ರೆ ಫುಟ್‌ಬಾಲ್‌ಗೆ ದುಡ್ಡು ಸುರಿಯೋಕೆ ನಾವು ರೆಡಿ. ನಮ್ಮ ತಂಡಕ್ಕೆ ಮಾತ್ರ ಇಲ್ಲ.

ಈಗ ಅದೇ ವರ್ಷದ ಅಕ್ಟೋಬರ್ 9ಕ್ಕೆ ಬನ್ನಿ. ಸಿಂಗಾಪುರದ ನ್ಯಾಷನಲ್ ಸ್ಟೇಡಿಯಂ, ಏಷ್ಯನ್ ಕಪ್ ಅರ್ಹತಾ ಪಂದ್ಯ. ಮೊದಲಾರ್ಧದ ಕೊನೆಗೆ ಸಿಂಗಾಪುರ ಒಂದು ಗೋಲ್ ಹೊಡೀತು. ಎರಡನೇ ಅರ್ಧ ಶುರುವಾಗ್ತಿದ್ದಂಗೇ ಸಂದೇಶ್ ಝಿಂಗನ್‌ಗೆ ರೆಡ್ ಕಾರ್ಡ್. ಹತ್ತು ಜನ, ಪರದೇಶ, ಹಿಂದೆ ಬಿದ್ದಿದ್ದೇವೆ. 90ನೇ ನಿಮಿಷದಲ್ಲಿ ಎದುರಾಳಿ ಡಿಫೆಂಡರ್‌ಗಳ ಎಡವಟ್ಟಿಗೆ ರಹೀಮ್ ಅಲಿ ಓಡಿ ಬಂದು 1-1 ಮಾಡಿದ. ಆ ಕ್ಷಣಕ್ಕೆ ಗ್ಯಾಲರಿಯಲ್ಲಿ ನಾಲ್ಕು ಜನ ಫ್ರೆಂಡ್ಸ್ ಒಬ್ಬರ ಮೇಲೊಬ್ಬರು ಬಿದ್ದಿರೋದನ್ನ ಊಹಿಸ್ಕೊಳ್ಳಿ. ಸದಾ ಗೆಲ್ಲೋ ತಂಡದ ಫ್ಯಾನ್‌ಗೆ ಡ್ರಾನಲ್ಲಿ ಆ ಸುಖ ಎಲ್ಲಿ ಸಿಗ್ಬೇಕು ಹೇಳಿ? ಐದು ದಿನಕ್ಕೆ ಗೋವಾದಲ್ಲಿ ಅದೇ ಸಿಂಗಾಪುರಕ್ಕೆ 1-2ರಲ್ಲಿ ಸೋತು ಬಾಗಿಲು ಮುಚ್ಚಿತು, ನಿಜ. ಆದ್ರೆ ಆ 90ನೇ ನಿಮಿಷಾನ ಯಾರೂ ವಾಪಸ್ ಕಿತ್ಕೊಳ್ಳೋಕಾಗಲ್ಲ.

ದೋಹಾದಲ್ಲಿರೋ ನಮ್ಮ ಅತ್ತೆ ಮಗ, ಮಂಗಳೂರಿನವನು, 2024ರ ಜನವರಿಯಲ್ಲಿ ಆಸ್ಟ್ರೇಲಿಯಾ ಪಂದ್ಯಕ್ಕೆ ಹೋಗಿದ್ದ. ಅಹಮದ್ ಬಿನ್ ಅಲಿ ಸ್ಟೇಡಿಯಂನಲ್ಲಿ ಅವತ್ತು 35 ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ನಮ್ಮವರೇ. ಕೇರಳದವರು ಜಾಸ್ತಿ, ನಮ್ಮ ಕರಾವಳಿಯವರೂ ಇದ್ದರು. ಟೂರ್ ಪ್ಯಾಕೇಜಲ್ಲಿ ಬಂದ ಶ್ರೀಮಂತರಲ್ಲ, ಅಲ್ಲೇ ಕೆಲಸ ಮಾಡೋರು. 2022ರ ವಿಶ್ವಕಪ್‌ಗೆ ಕತಾರ್‌ನಲ್ಲಿ ಆ ಸ್ಟೇಡಿಯಂಗಳನ್ನ ಕಟ್ಟಿದ ಕೂಲಿಗಳಲ್ಲಿ ಭಾರತೀಯರೂ ಎಷ್ಟೋ ಜನ ಇದ್ದರಲ್ಲ. ಅಂಥಾ ಜಾಗದಲ್ಲಿ ನಮ್ಮ ರಾಷ್ಟ್ರಗೀತೆ ಮೊಳಗಿದ್ದರ ಬಗ್ಗೆ ಅವನು ಇವತ್ತಿಗೂ ಮಾತಾಡ್ತಾನೆ. ಪಂದ್ಯ 0-2. ಅವನ ಪ್ರಕಾರ ಹಾಫ್ ಟೈಮ್‌ವರೆಗೂ 0-0 ಇತ್ತಲ್ಲ, ಟಿಕೆಟ್ ದುಡ್ಡು ಅಲ್ಲಿಗೇ ವಸೂಲ್.

ಇದನ್ನ ದೇಶಪ್ರೇಮದ ಪರೀಕ್ಷೆ ಮಾಡೋರು ಕಂಡ್ರೆ ನನಗೆ ಆಗಲ್ಲ. ದುಡ್ಡಿಲ್ಲದವರು ಹೋಗಬೇಕಿಲ್ಲ, ಸಾಲ ಮಾಡಿ ಅಂತೂ ಬೇಡವೇ ಬೇಡ. 2023ರ ಜುಲೈ 4ರಂದು ಸ್ಯಾಫ್ ಫೈನಲ್‌ನಲ್ಲಿ ಕುವೈತನ್ನ ಪೆನಾಲ್ಟಿಯಲ್ಲಿ ಸೋಲಿಸಿದಾಗ ಕಂಠೀರವದಲ್ಲಿದ್ದೋರಿಗೆ ಬಸ್ ಚಾರ್ಜಲ್ಲೇ ಆ ಹುಚ್ಚು ಸಿಕ್ಕಿತ್ತು. ನಾನು ಹೇಳ್ತಿರೋದು ಹೇಗೂ ಹೊರಡೋರಿಗೆ. ಬೀಚಲ್ಲಿ ಫೋಟೋ ತೆಗೆಸ್ಕೊಂಡು ಬರೋ ಟ್ರಿಪ್‌ನಲ್ಲಿ ನೀವು ಗಿರಾಕಿ ಅಷ್ಟೇ. ಮ್ಯಾಚ್ ದಿನ ಬೇರೆ ಊರಿನ ಮೆಟ್ರೋದಲ್ಲಿ ನೀಲಿ ಜೆರ್ಸಿ ಹಾಕಿ ನಿಂತ್ರೆ ಜನ ಬಂದು ಮಾತಾಡ್ತಾರೆ, ಎಷ್ಟು ಗೋಲಲ್ಲಿ ಸೋಲ್ತೀರಾ ಅಂತ ಕಾಲೆಳೀತಾರೆ. ಫುಟ್‌ಬಾಲ್ ಗೊತ್ತಿಲ್ಲದ ಒಬ್ಬ ಪ್ರತಿ ಗ್ಯಾಂಗಲ್ಲೂ ಇರ್ತಾನೆ. ಬಾವುಟ ಅವನ ಕೈಗೇ ಕೊಡಿ, ಎಲ್ಲರಿಗಿಂತ ಜೋರಾಗಿ ಅವನೇ ಕೂಗ್ತಾನೆ.

ಗಂಡಸರ ತಂಡವೇ ಯಾಕೆ? 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ಮಹಿಳಾ ತಂಡ ಆತಿಥೇಯರನ್ನೇ 2-1ರಲ್ಲಿ ಮಣಿಸಿ, ಅರ್ಹತಾ ಪಂದ್ಯ ಆಡಿ ಗೆದ್ದು ಮೊದಲ ಬಾರಿ ಏಷ್ಯನ್ ಕಪ್‌ಗೆ ಹೋಯ್ತು. ಎರಡೂ ಗೋಲ್ ಸಂಗೀತಾ ಬಾಸ್ಫೋರ್‌ದು. 'ಥಾಯ್ಲೆಂಡ್' ಗ್ರೂಪ್‌ನವರಿಗೆ ಇದಕ್ಕಿಂತ ಒಳ್ಳೇ ಮುಹೂರ್ತ ಸಿಗ್ತಿತ್ತಾ? ನಮ್ಮ ಕ್ಯಾಂಪಸ್‌ನಲ್ಲಿ ಅವತ್ತು ಪಂದ್ಯ ಇದೆ ಅಂತ ಗೊತ್ತಿದ್ದೋರನ್ನ ಬೆರಳಲ್ಲಿ ಎಣಿಸಬಹುದು.

ತೊಂದರೆಗಳಿವೆ. ಅಕ್ಟೋಬರ್, ನವೆಂಬರ್ ಪಂದ್ಯಗಳು ಇಂಟರ್ನಲ್ಸ್‌ಗೆ ಡಿಕ್ಕಿ ಹೊಡೀತವೆ, ಅಟೆಂಡೆನ್ಸ್ ಕಥೆ ನಿಮಗೇ ಗೊತ್ತು. ಫ್ರೆಂಡ್ಲಿ ಪಂದ್ಯಗಳ ಜಾಗ ತಡವಾಗಿ ಗೊತ್ತಾಗುತ್ತೆ, ಅಷ್ಟರಲ್ಲಿ ಫ್ಲೈಟ್ ರೇಟ್ ಏರಿರುತ್ತೆ. ಸಿಂಗಾಪುರಕ್ಕೆ ಮೊದಲೇ ವೀಸಾ ಬೇಕು. ಹಾಗಾಗಿ ಟೂರ್ನಿ ಇಲ್ಲವೇ ಅರ್ಹತಾ ಪಂದ್ಯ ನೋಡಿ ಪ್ಲಾನ್ ಮಾಡಿ, ಅವುಗಳ ದಿನಾಂಕ ತಿಂಗಳುಗಳ ಮೊದಲೇ ಸಿಗುತ್ತೆ.

ಅದಕ್ಕೂ ಮೊದಲು ಗ್ಯಾಂಗ್‌ನಲ್ಲಿ ಯಾರ ಹತ್ರ ಪಾಸ್‌ಪೋರ್ಟ್ ಇಲ್ಲ ಕೇಳಿ. ಮಾಮೂಲಿ ಅರ್ಜಿಗೆ 1500 ರೂಪಾಯಿ. ಪೊಲೀಸ್ ವೆರಿಫಿಕೇಶನ್ ಊರಿಂದಲೋ ಹಾಸ್ಟೆಲ್‌ನಿಂದಲೋ ಅನ್ನೋ ಜಗಳ ಈ ಸೆಮ್‌ನಲ್ಲೇ ಮುಗಿಸ್ಕೊಳ್ಳಿ.