ಮನೆಯ ಬೆನ್ನು ಬಿಡದ ಬಾಕಿ

ನಿವೃತ್ತಿಯ ಹಣದಿಂದ ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ಒಂದು ಮನೆಯನ್ನು ಕೊಂಡು, ಅದರ ಬಾಡಿಗೆಯಿಂದ ಮುಪ್ಪಿನ ದಿನಗಳನ್ನು ನಿಶ್ಚಿಂತೆಯಿಂದ ಕಳೆಯಬೇಕೆನ್ನುವವರು ಅನೇಕರು. ಅವರು ಋಣಭಾರ ಪತ್ರವನ್ನು ತಪ್ಪದೆ ತೆಗೆಸುತ್ತಾರೆ. ನಗರಸಭೆಯ ಬಾಕಿಯನ್ನು ಮಾತ್ರ ವಿಚಾರಿಸುವುದಿಲ್ಲ. ಆ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಕಾಣುವುವೇ ಹೊರತು ಕಂದಾಯದ ಬಾಕಿ ಕಾಣದು. ಬಾಕಿಯಾದರೋ ಮಾರಿದವನೊಡನೆ ಹೊರಟುಹೋಗದೆ ಮನೆಯ ಬೆನ್ನಿಗೇ ಅಂಟಿಕೊಂಡಿರುತ್ತದೆ.

ಕನಕಪುರದ ನಗರಸಭೆಯಾಗಲಿ ಮಾಗಡಿಯ ಪುರಸಭೆಯಾಗಲಿ, ಎಲ್ಲಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯಿದೆಯೇ ಆಧಾರ. ಏಪ್ರಿಲ್ ತಿಂಗಳಲ್ಲಿ ಕಂದಾಯ ತೆತ್ತರೆ ಶೇಕಡ 5 ರಿಯಾಯಿತಿ; ಜೂನ್ ದಾಟಿದರೆ ತಿಂಗಳಿಗೆ ಶೇಕಡ 2 ದಂಡ. ಒಂದು ವರ್ಷದ 3,000 ರೂಪಾಯಿ ಕಂದಾಯವು 36 ತಿಂಗಳು ದಂಡಕ್ಕೆ ಗುರಿಯಾದರೆ ದಂಡವೊಂದೇ 2,160 ರೂಪಾಯಿ!

ಈ ಹೊರೆಯನ್ನು ಇಳಿಸುವುದೆಂತು? ಬೇರೆ ಕರಾರಿಲ್ಲದಿದ್ದಲ್ಲಿ, ಕ್ರಯದ ದಿನದವರೆಗಿನ ತೆರಿಗೆಗಳನ್ನು ಮಾರುವವನೇ ತೀರಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಆದುದರಿಂದ ಕಂದಾಯದ ರಸೀತಿಗಳನ್ನು ನೋಡದೆ ಮುಂಗಡ ಕೊಡದಿರಿ. ಬಾಕಿಯಿದ್ದರೆ ಅದನ್ನು ಕ್ರಯದ ಹಣದಲ್ಲಿ ಮುರಿದುಕೊಂಡು ನೀವೇ ಕಟ್ಟಿರಿ.

ಬಾಡಿಗೆಯ ಆಸೆಗೆ, ಮಂಜೂರಾದ ನಕ್ಷೆಯನ್ನು ಮೀರಿ ಎಬ್ಬಿಸಿದ ಮಹಡಿಯ ಮಾತು ಬೇರೆ. ಕಂದಾಯ ಕಟ್ಟಿದ ಮಾತ್ರಕ್ಕೆ ಅಕ್ರಮವು ಸಕ್ರಮವಾಗದು. ಶುಲ್ಕ ಪಡೆದು ಸಕ್ರಮಗೊಳಿಸುವ ರಾಜ್ಯದ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ಮನ್ನಾ ಬಂದೀತೆಂದು ಕಾಯುವವನ ದಂಡವಂತೂ ತಿಂಗಳು ತಿಂಗಳೂ ಬೆಳೆಯುತ್ತದೆ. ಮೊದಲು ನಕ್ಷೆ ಹಿಡಿದು ಗೋಡೆಗಳನ್ನು ಅಳೆಯಿಸಿರಿ. ಬಾಡಿಗೆಯನ್ನು ಆಮೇಲೆ ಎಣಿಸಬಹುದು.