ಟ್ರ್ಯಾಕ್ಟರ್ ಒಳಗೆ ಬರುವಂಥ ಬಾಗಿಲು ಇಡಿ

ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಬರವಿಲ್ಲ. ಎನ್‌ಐಇ 1946ರಲ್ಲೇ ಶುರುವಾಯಿತು, ಎಸ್‌ಜೆಸಿಇ 1963ರಲ್ಲಿ. ಈಗ ಮೈಸೂರು ವಿಶ್ವವಿದ್ಯಾನಿಲಯವೇ ಎಂಜಿನಿಯರಿಂಗ್ ಕಲಿಸುತ್ತಿದೆ. ಆದರೂ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ರೈತರು ತಂಬಾಕು ಬೇಯಿಸಲು ಇಂದಿಗೂ ಲೋಡುಗಟ್ಟಲೆ ಸೌದೆ ಸುಡುತ್ತಿದ್ದಾರೆ. ಕಡಿಮೆ ಸೌದೆಯಲ್ಲಿ ಬ್ಯಾರನ್ ಕಾಯಿಸುವುದು ಎಂಜಿನಿಯರಿಂಗ್ ಅಲ್ಲದೆ ಇನ್ನೇನು? ಶಾಖದ ಲೆಕ್ಕ, ಗಾಳಿಯ ಓಟ, ಗೋಡೆಯ ದಪ್ಪ, ಎಲ್ಲವೂ ಅವರ ಪಾಠದಲ್ಲೇ ಇವೆ.

ಇದು ಆಗದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಶುರುವಾಯಿತು. ಆ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮಕ್ಕೇ ಹೋಗಿ ಕೆಲಸ ಮಾಡಿದರು. ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಅವರಿಂದ. ಯಂತ್ರದಲ್ಲಿ ಒತ್ತಿದ, ಸುಡಬೇಕಿಲ್ಲದ ಮಣ್ಣಿನ ಇಟ್ಟಿಗೆಯ ಮೇಲೂ ಅವರು ದುಡಿದರು.

ಹಾಗಾಗಿ ಮುಂದೆ ಸಂಶೋಧನೆಗೆ, ಪಾಠಕ್ಕೆ ಕಟ್ಟಡ ಕಟ್ಟುವವರು ನಕ್ಷೆಯಲ್ಲಿ ಮೂರು ಗೆರೆ ಎಳೆಯಲಿ. ನೆಲಮಹಡಿಗೆ ಟ್ರ್ಯಾಕ್ಟರ್ ನುಗ್ಗುವಷ್ಟು ಅಗಲದ ಬಾಗಿಲು. ನಿಜವಾದ ಬ್ಯಾರನ್ ಕಟ್ಟಿ ಉರಿ ಹಾಕಲು ಅಂಗಳ. ಆ ಅಂಗಳಕ್ಕೆ ಮುಖ ಮಾಡಿದ ತರಗತಿ.

ದುಡ್ಡೆಲ್ಲಿದೆ ಅನ್ನುತ್ತೀರಾ? ಗಾಜಿನ ಗೋಡೆ ನಿಲ್ಲಿಸಿ, ಒಳಗಿನ ಸೆಕೆಗೆ ಏಸಿ ಹಾಕುವ ದುಡ್ಡಿನಲ್ಲೇ ಇದೆ. ಕೆ.ಆರ್. ನಗರದ ಭತ್ತದ ಯಂತ್ರ ಬಂದು ನಿಲ್ಲಲು ಜಾಗವಿಲ್ಲದ ಕಟ್ಟಡ ಎಷ್ಟು ಮಹಡಿ ಎದ್ದರೆ ನಮಗೇನು?