ನಿಲ್ಲಬೇಕಾದಾಗ ನಿಂತರೆ ಉರಿಯೂತ ಒಳ್ಳೆಯದೇ

ಮಕ್ಕಳೇ, ಕಬಡ್ಡಿ ಆಡುವಾಗ ಮೊಣಕಾಲು ತರಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತೆ. ಇದೇ ಉರಿಯೂತ. ಬಹಳ ಜನ ಇದನ್ನೇ ರೋಗ ಅಂದ್ಕೊಂಡಿದ್ದಾರೆ. ಅದು ತಪ್ಪು ಅಂತ ನನ್ನ ಅಭಿಪ್ರಾಯ.

ಗಾಯದ ಬಳಿ ಸೇರಿದ ಬಿಳಿ ರಕ್ತಕಣಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಮುಂತಾದ ಸಂದೇಶ ಅಣುಗಳನ್ನು ಬಿಡುತ್ತವೆ. ಇವುಗಳ ಪ್ರಚೋದನೆಯಿಂದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಆಗ ಹತ್ತಿರದ ರಕ್ತನಾಳಗಳಲ್ಲಿ ಹೊಸ ಕವಲು ಚಿಗುರಿ, ಆಮ್ಲಜನಕ ಮತ್ತು ಆಹಾರ ಅಲ್ಲಿಗೆ ತಲುಪುತ್ತೆ. ಗಾಯ ಮಾಯುತ್ತಿದ್ದಂತೆ ಸಂದೇಶ ತಗ್ಗುತ್ತೆ, ಬೇಡವಾದ ಕವಲುಗಳು ಮರೆಯಾಗುತ್ತವೆ.

ಸಂದೇಶ ನಿಲ್ಲದೇ ಹೋದರೆ? ತೊಂದರೆ ಶುರುವಾಗೋದು ಅಲ್ಲೇ. ರುಮಟಾಯ್ಡ್ ಸಂಧಿವಾತದಲ್ಲಿ ಹೊಸ ನಾಳಗಳು ಊದಿದ ಕೀಲಿನ ಪೊರೆಯನ್ನೇ ಪೋಷಿಸುತ್ತವೆ. ಕ್ಯಾನ್ಸರ್ ಗಡ್ಡೆಯೂ ಹೀಗೇ ತನಗೆ ಬೇಕಾದ ನಾಳ ಬೆಳೆಸಿಕೊಳ್ಳುತ್ತೆ. ಅದಕ್ಕೇ 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ವಿಜ್ಞಾನಿ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು.

ಸಕ್ಕರೆ ಕಾಯಿಲೆಯಲ್ಲೂ ಇಂಥದ್ದೇ ಅಪಾಯ ಇದೆ. ಕಣ್ಣಿನ ರೆಟಿನಾದಲ್ಲಿ ಆಮ್ಲಜನಕದ ಕೊರತೆ, ಉರಿಯೂತ ಎರಡೂ ಸೇರಿ ವಿಇಜಿಎಫ್ ಹೆಚ್ಚಿಸುತ್ತವೆ. ಆಗ ಬೆಳೆಯುವ ನಾಳಗಳು ದುರ್ಬಲ. ಒಡೆದು ರಕ್ತ ಸೋರಿದರೆ ದೃಷ್ಟಿಯೇ ಹೋಗಬಹುದು. ಮೊದಮೊದಲು ಏನೂ ಗೊತ್ತಾಗಲ್ಲ.

ಆದ್ದರಿಂದ ಉರಿಯೂತದ ಲಕ್ಷಣಗಳನ್ನು ಬಾಯಿಪಾಠ ಮಾಡಿದರೆ ಸಾಲದು. "ಇದು ಯಾವಾಗ ನಿಲ್ಲಬೇಕು?" ಅಂತಲೂ ತರಗತಿಯಲ್ಲಿ ಕೇಳಿ. ಮನೆಯಲ್ಲಿ ಅಜ್ಜ, ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದರೆ, ಕಣ್ಣು ಚೆನ್ನಾಗಿ ಕಾಣ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಹೇಳಿ. ನಾವು ಓದಿದ ವಿಜ್ಞಾನ ಮನೆಯವರ ಕಣ್ಣು ಉಳಿಸಿದರೆ ಅದಕ್ಕಿಂತ ಇನ್ನೇನು ಬೇಕು?